ಸನವಳ್ಳಿಯ ಉಡಿಯಕ್ಕಿ

ಸನವಳ್ಳಿ, ಮುಂಡಗೋಡ ಪೇಟಾ
ತಾ. ೬-೯-೧೯೩೭

ಹಳಿಯಾಳದ ಧಾನ್ಯದ ವ್ಯಾಪಾರಸ್ಥರಾದ ಸುಭಾನಿ ಸಾಹೇಬರಿಗೆ, ಸನವಳ್ಳಿಯ ಉಳವಪ್ಪ ಕಾರಕೂನ ಮಾಡಿಕೊಳ್ಳುವ ಅರಿಕೆ.

ಮುಂಡಗೋಡದ ಕನ್ನಡ ಶಾಲೆಯಲ್ಲಿ ನಾವಿಬ್ಬರೂ ಒಂದೇ ಮಣೆಯ ಮೇಲೆ ಕುಳಿತು ಅಕ್ಷರ ತಿದ್ದಿದವರೆಂಬ ಸಲುಗೆ ಇಲ್ಲದಿದ್ದರೆ ಈ ಪತ್ರವನ್ನು ನಾನು ಬರೆಯುತ್ತಿರಲಿಲ್ಲ. ಮೂವತ್ತೊಂದು ವರ್ಷ ಮಹಾಲಕರಿ ಕಚೇರಿಯಲ್ಲಿ ಪರರ ಅರ್ಜಿಗಳನ್ನು ನಕಲು ಮಾಡಿದ ಕೈ ಇದು. ತನ್ನ ಮನೆಯ ವಿಷಯವಾಗಿ ಬರೆಯುವ ಪ್ರಸಂಗ ಇದೇ ಮೊದಲು.

ನನ್ನ ಒಬ್ಬಳೇ ಮಗಳು ಶಿವವ್ವಳನ್ನು ತೇರಗಾಂವದ ಚನಬಸಪ್ಪನವರ ಮಗನಿಗೆ ಕೊಟ್ಟದ್ದು ತಮಗೆ ತಿಳಿದಿದೆ. ಆಕೆಯ ಚೊಚ್ಚಲ ಬಾಣಂತನ ಎರಡು ವರ್ಷದ ಹಿಂದೆ ನನ್ನ ಮನೆಯಲ್ಲಿಯೇ ಆಯಿತು. ಗಂಡು ಕೂಸು. ಎಂಬತ್ತನೆಯ ದಿವಸ ಬೀಗಿತಿ ಮುದಕವ್ವನವರು ಬುತ್ತಿ ಹೊತ್ತುಕೊಂಡು ಬಂದು, ತಮ್ಮ ಕೈಯಾರೆ ಶಿವವ್ವಳಿಗೆ ಉಣಿಸಿ, ಕೂಸನ್ನು ಎತ್ತಿ ಆಡಿಸಿ ಹೋದರು. ತೊಂಬತ್ತೆರಡನೆಯ ದಿವಸ ಕೂಸು ತೀರಿತು. ನಾನು ಯಾರ ಮೇಲೂ ಆರೋಪ ಹೊರಿಸುವುದಿಲ್ಲ. ದಿವಸಗಳನ್ನು ಮಾತ್ರ ದಾಖಲಿಸುತ್ತೇನೆ.

ಈಗ ಆಕೆ ಮತ್ತೆ ಗರ್ಭಿಣಿ, ನಾಲ್ಕು ತಿಂಗಳು. ಹೋದ ವಾರ ನಮ್ಮೂರ ಗಾಡಿಯ ಈಶಪ್ಪ ತೇರಗಾಂವಕ್ಕೆ ಹೋಗಿದ್ದಾಗ ಆಕೆಯ ಊಟದ ತಾಟನ್ನು ಕಣ್ಣಾರೆ ಕಂಡು ಬಂದಿದ್ದಾನೆ. ತೌಡು ಸಹ ತೆಗೆಯದೆ ಒನಕೆಯಿಂದ ಕುಟ್ಟಿದ ಕೊಟ್ಟಣದ ಕೆಂಪಕ್ಕಿಯ ಅನ್ನ, ಹುರುಳಿಯ ಕಟ್ಟು, ಮೇಲೆ ಒಂದು ರಾಶಿ ಸೊಪ್ಪು. ತೌಡು ಎತ್ತಿನ ಪಾಲು, ಹುರುಳಿ ಕುದುರೆಯ ಪಾಲು, ಸೊಪ್ಪು ಆಡಿನ ಪಾಲು. ನನ್ನ ಮಗಳನ್ನು ಅವರು ನಡುಮನೆಯಲ್ಲಿ ಇರಿಸಿಕೊಂಡಿದ್ದಾರೆಯೋ ಕೊಟ್ಟಿಗೆಯಲ್ಲಿ ಕಟ್ಟಿದ್ದಾರೆಯೋ ಎಂಬುದು ನನ್ನ ಪ್ರಶ್ನೆ. ತಾವೇ ತಂದುಕೊಟ್ಟ ಗಿರಣಿಯ ಬಿಳಿ ಅಕ್ಕಿಯನ್ನು ಮೂರು ವರ್ಷದಿಂದ ಒಂದು ದಿನವೂ ತಪ್ಪದೆ ಉಣ್ಣುವ ಮನೆಯ ಮಗಳು ಆಕೆ.

ತಾವು ಭತ್ತ ಕೊಳ್ಳುವ ನೆಪದಿಂದ ಆ ಮನೆಗೆ ಹೋಗಿ, ನೋಡಿದ್ದನ್ನು ನೋಡಿದಂತೆ ಬರೆಯಬೇಕು. ಅವರು ಆಕೆಯನ್ನು ಹಸಿವೆಯಲ್ಲಿಟ್ಟು ಯಾವುದೋ ಸೇಡು ತೀರಿಸಿಕೊಳ್ಳುತ್ತಿದ್ದಾರೆಂದು ನನ್ನ ಗುಮಾನಿ.

ಊರಲ್ಲಿಯೂ ಜನ ನೆಟ್ಟಗಿಲ್ಲ. ಮೊನ್ನೆ ಗದ್ದೆಯಿಂದ ಮನೆಗೆ ಬರುವಷ್ಟರಲ್ಲಿ ನನ್ನ ಎಡಗಾಲಿನ ಚಪ್ಪಲಿಯನ್ನು ಯಾರೋ ಅಪಹರಿಸಿದ್ದಾರೆ. ಒಂದೇ ಕಾಲಿನ ಚಪ್ಪಲಿ ಒಯ್ದು ಏನು ಸಾಧಿಸುವರೋ ಅರಿಯೆ.

ಉಳವಪ್ಪ ಕಾರಕೂನ


ಹಳಿಯಾಳ
ತಾ. ೨೧-೯-೧೯೩೭

ಕಾರಕೂನರಿಗೆ ಸುಭಾನಿಯ ಸಲಾಮು.

ತಮ್ಮ ಅಪ್ಪಣೆಯಂತೆ ಶುಕ್ರವಾರದ ನಮಾಜು ಮುಗಿಸಿ ತೇರಗಾಂವಕ್ಕೆ ಹೋಗಿ ಬಂದೆ. ಗುಟ್ಟಾಗಿ ನೋಡಬೇಕೆಂದು ತಾವು ಬರೆದಿರಿ. ಆದರೆ ಗುಟ್ಟು ಆ ಮನೆಯ ಹೊಸ್ತಿಲು ದಾಟಲಿಲ್ಲ. ಮುದಕವ್ವನವರು ಅಂಗಳದಲ್ಲಿ ಮೊರ ಹಿಡಿದು ಅಕ್ಕಿ ಕೇರುತ್ತಿದ್ದವರು ತಲೆ ಸಹ ಎತ್ತದೆ ಕೇಳಿದರು:

"ಬರ್ರಿ ಸಾಹೇಬ್ರ. ಭತ್ತಾ ಕೊಳ್ಳಾಕ ಬಂದೀರೋ, ನಮ್ಮ ಬೀಗರ ಕಣ್ಣಾಗಿ ಬಂದೀರೋ?"

"ಎರಡಕ್ಕೂ ಅನ್ರಿ ಅವ್ವಾರ," ಅಂದೆ. ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ.

"ಹಂಗಾದ್ರ ಎರಡೂ ನೋಡ್ರಿ. ಕಣಜಾ ಅಲ್ಲೈತಿ, ಸೊಸಿ ಇಲ್ಲಿ ಅದಾಳ."

ಶಿವವ್ವ ಊಟಕ್ಕೆ ಕುಳಿತಿದ್ದಳು. ಈಶಪ್ಪ ಕಂಡದ್ದು ನಿಜ. ಕೆಂಪಕ್ಕಿಯ ಅನ್ನ, ಹುರುಳಿ ಕಟ್ಟು, ರಾಜಗಿರಿ ಪಲ್ಯ. ಅವನು ಹೇಳದೆ ಬಿಟ್ಟದ್ದೂ ತಾಟಿನಲ್ಲಿತ್ತು: ಗುರೆಳ್ಳು ಚಟ್ನಿ, ಒಂದು ಬಟ್ಟಲು ಮೊಸರು. ಮನೆಯವರೆಲ್ಲರ ತಾಟಿನಲ್ಲಿಯೂ ಅದೇ. ಬೀಗರಾದ ಚನಬಸಪ್ಪನವರೂ ಅದನ್ನೇ ಉಂಡರು, ನನಗೂ ಅದನ್ನೇ ಬಡಿಸಿದರು. ಹುಡುಗಿಯ ಮುಖ ತುಂಬಿಕೊಂಡಿದೆ. ಹಸಿದವರ ಮುಖ ನಾನು ಬಲ್ಲೆ, ಅದು ಹಸಿದ ಮುಖವಲ್ಲ.

ಆದರೂ ತಮ್ಮ ಪರವಾಗಿ ಒಂದು ಮಾತು ಕೇಳಿದೆ. "ಅವ್ವಾರ, ತೌಡು ಎತ್ತಿಗೆ ಹಾಕೂದಲ್ಲೇನ್ರಿ? ಮಂದಿಗೆ ಯಾಕ ಉಣಸ್ತೀರಿ?"

ಅದಕ್ಕೆ ಅವರ ಉತ್ತರ: "ತೌಡು ತಿಂದ ಎತ್ತು ದಾಂಡೇಲಿ ಕಾಡಿನ್ಯಾಗ ನಾಟಾ ಎಳೀತಾವು. ಬಿಳೀ ಅಕ್ಕಿ ತಿಂದ ಮಂದಿ ತಮ್ಮ ಕಾಲ ತಾವ ಎಳೀತಾರ. ಯಾರ ಶ್ಯಾಣ್ಯಾರು ನೀವ ಹೇಳ್ರಿ." ಹೀಗೆಂದು ಮೊರ ಝಾಡಿಸಿದರು. ಹೊಟ್ಟು ನನ್ನ ಟೊಪ್ಪಿಗೆಯ ಮೇಲೆ ಬಿತ್ತು.

ಹೊರಡುವಾಗ ಶಿವವ್ವ ಹಿತ್ತಲ ಬಾಗಿಲಿಗೆ ಬಂದು ಕೇಳಿದಳು: "ಕಾಕಾ, ಅಪ್ಪನ ಕಾಲ ಹೆಂಗದಾವು?" ಆರೋಗ್ಯ ಕೇಳಲಿಲ್ಲ, ಕಾಲುಗಳನ್ನೇ ಕೇಳಿದಳು. ಬರೆದು ತಿಳಿಸಿರಿ.

ಉಳಿದ ಸಂಗತಿ ಮುಖತಃ.

ಸುಭಾನಿ


ಸನವಳ್ಳಿ
ತಾ. ೨-೧೦-೧೯೩೭

ಸಾಹೇಬರೇ,

ತಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಮೂರು ಸಲ ಸಮಾಧಾನವಾಯಿತು. ನಾಲ್ಕನೆಯ ಸಲ ಕೊನೆಯ ಸಾಲಿನ ಮೇಲೆ ಕಣ್ಣು ನಿಂತಿತು. "ಉಳಿದ ಸಂಗತಿ ಮುಖತಃ" ಎಂಬ ವಾಕ್ಯವನ್ನು ನಾನು ಎಷ್ಟು ನೂರು ಕಾಗದಗಳಲ್ಲಿ ನಕಲು ಮಾಡಿರುವೆನೋ ಲೆಕ್ಕವಿಲ್ಲ. ಎಲ್ಲಿ ಆ ವಾಕ್ಯ ಇರುವುದೋ ಅಲ್ಲಿ ಅದರ ಮೇಲಿನ ಎಲ್ಲ ವಾಕ್ಯಗಳು ಆ ಒಂದನ್ನು ಮುಚ್ಚಲು ಬರೆದವುಗಳೇ ಆಗಿರುತ್ತವೆ.

ನನ್ನ ಕಾಲುಗಳಿಗೆ ಏನೂ ಆಗಿಲ್ಲ. ಅರುವತ್ತರ ಮೇಲೆ ಎಲ್ಲರಿಗೂ ಇರುವಷ್ಟು ಜೋಮು ಇದೆ, ಅಷ್ಟೇ. ನಾಲ್ಕು ತಿಂಗಳ ಗರ್ಭಿಣಿ ತನ್ನ ಹೊಟ್ಟೆಯ ಮಾತು ಬಿಟ್ಟು ತಂದೆಯ ಕಾಲನ್ನು ಯಾಕೆ ಕೇಳಬೇಕು? ಆ ಮಾತನ್ನು ಆಕೆಯ ಬಾಯಲ್ಲಿ ಯಾರು ಇಟ್ಟರು?

ಬೀಗರು ಜಾಣರು. ನೋಡಲು ಹೋದವನಿಗೆ ಮೊಸರು ಬಡಿಸಿದರು. ನೋಡುವವರಿಲ್ಲದ ದಿನ ಆ ಬಟ್ಟಲು ತಾಟಿನಲ್ಲಿ ಇರುವುದೇ ಎಂದು ತಾವು ವಿಚಾರಿಸಲಿಲ್ಲ. ಆಯಿತು. ಏಳನೆಯ ತಿಂಗಳಲ್ಲಿ ಕುಬಸದ ಶಾಸ್ತ್ರ ಮಾಡಿ ಮಗಳನ್ನು ಬಾಣಂತನಕ್ಕೆ ಇಲ್ಲಿಗೆ ಕರೆತರುತ್ತೇನೆ. ಉಡಿ ತುಂಬಲು ಇಪ್ಪತ್ತು ಸೇರು ಒಂದನೆಯ ದರ್ಜೆಯ ಬಿಳಿ ಅಕ್ಕಿಯನ್ನು ಅಕ್ಕ ಶಂಕ್ರವ್ವಳ ಕೈಯಲ್ಲಿ ಕಳಿಸುವವನಿದ್ದೇನೆ. ಚೀಲದ ಮೇಲೆ "ಚಿ. ಸೌ. ಶಿವವ್ವಳ ಉಡಿಗೆ" ಎಂದು ನಾನೇ ಮಸಿಯಿಂದ ಬರೆಯುತ್ತೇನೆ. ಸನವಳ್ಳಿಯ ಮಗಳು ಏನನ್ನು ಉಣ್ಣುವವಳೆಂದು ತೇರಗಾಂವದವರು ಓದಿಕೊಳ್ಳಲಿ.

ಉಳವಪ್ಪ ಕಾರಕೂನ


ಹಳಿಯಾಳ
ತಾ. ೨೦-೧೧-೧೯೩೭
(ಕಾರ್ಡು)

ಕಾರಕೂನರೇ, ಸ್ನೇಹಿತನಾಗಿ ಒಂದು ಬೇಡಿಕೆ. ಬಾಣಂತನಕ್ಕೆ ಶಿವವ್ವಳನ್ನು ಸನವಳ್ಳಿಗೆ ಕರೆಯುವ ಹಟ ಬಿಡಿರಿ. ಹೆರಿಗೆ ತೇರಗಾಂವದಲ್ಲಿಯೇ ಆಗಲಿ. ಕಾರಣ ಕೇಳಬೇಡಿರಿ. ಅಕ್ಕಿಯನ್ನೂ ಕಳಿಸದಿದ್ದರೆ ಒಳಿತು.

ಸುಭಾನಿ


ಸನವಳ್ಳಿ
ತಾ. ೧೮-೧೨-೧೯೩೭

ಶ್ರೀ ಸುಭಾನಿ ಸಾಹೇಬರು, ಹಳಿಯಾಳ, ಇವರಿಗೆ.

ತಮ್ಮ ಕಾರ್ಡಿಗೆ ನಾನು ಉತ್ತರ ಬರೆಯಲಿಲ್ಲ. ಕಾರಣ ಕೇಳಬಾರದೆಂದು ಹೇಳುವವನಿಗೆ ಉತ್ತರ ಬರೆಯುವ ವಾಡಿಕೆ ನಮ್ಮ ಕಚೇರಿಯಲ್ಲಿ ಇರಲಿಲ್ಲ. ಈಗ ಕೆಳಕಾಣಿಸಿದ ಸಂಗತಿಗಳನ್ನು ತಮ್ಮ ಗಮನಕ್ಕೆ ತರುತ್ತೇನೆ.

ಈ ತಿಂಗಳ ಎಂಟಕ್ಕೆ ಕುಬಸ ಆಯಿತು. ಶಂಕ್ರವ್ವ ಹೋಗಿದ್ದಳು. ಹಸಿರು ಸೀರೆ ಉಡಿಸಿ, ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು ಹಾಕಿ ಉಡಿ ತುಂಬಿದರು. ಅನಂತರ ಶಂಕ್ರವ್ವ ಮಗಳನ್ನು ಕಳಿಸಿಕೊಡಲು ಕೇಳಿದಾಗ ಮುದಕವ್ವನವರು, "ಈ ಸಲ ಇಲ್ಲೇ ಆಗ್ಲಿ, ಬೀಗಿತಿ. ಒಮ್ಮಿ ಕಳಿಸಿ ನೋಡೇವಿ," ಎಂದರಂತೆ. ಒಮ್ಮೆ ಕಳಿಸಿ ನೋಡಿದ್ದೇವೆ! ಈ ಮಾತಿನ ಅರ್ಥ ನನ್ನ ಮನೆಯಲ್ಲಿ ಅವರ ಕೂಸನ್ನು ನಾವು ಕೊಂದೆವೆಂದಲ್ಲದೆ ಮತ್ತೇನು? ಬುತ್ತಿ ತಂದವರು ಯಾರು, ಆರೋಪ ಯಾರ ಮೇಲೆ?

ಇದಕ್ಕಿಂತ ಹೆಚ್ಚಿನದು ಮುಂದಿದೆ. ಮೊನ್ನೆ ಈಶಪ್ಪ ತಮ್ಮಲ್ಲಿ ಬೆಲ್ಲದ ಪೆಂಟಿ ಇಳಿಸಲು ಬಂದಾಗ ತಮ್ಮ ಅಟ್ಟದ ಮೇಲೆ ಒಂದು ಚೀಲ ಕಂಡನು. ಅವನಿಗೆ ಅಕ್ಷರ ಬಾರದು. ಆದರೆ ನಾನು ಅದನ್ನು ಬರೆಯುವಾಗ ಅವನೇ ಮಸಿಯ ಕುಡಿಕೆ ಹಿಡಿದಿದ್ದನು. ಉಡಿಯಕ್ಕಿಯನ್ನು ಉಡಿ ತುಂಬಿಸಿಕೊಂಡವಳೇ ಉಣ್ಣಬೇಕು, ಅನ್ಯರ ಮನೆಗೆ ಹೋಗಬಾರದು. ಈ ಪದ್ಧತಿ ತಮಗೆ ತಿಳಿಯದ್ದಲ್ಲ. ನನ್ನ ಮಗಳ ಉಡಿಗೆ ಕಳಿಸಿದ ಅಕ್ಕಿ ತಮ್ಮ ಅಟ್ಟ ಏರಿದ್ದು ಹೇಗೆ? ಮಾರಿದವರು ಯಾರು, ಕೊಂಡವರು ಯಾರು? ಕಣ್ಣಾಗಿ ಕಳಿಸಿದವನೇ ಅವರ ಕೈಯಾದನೇ?

ಹದಿನೈದು ದಿವಸದೊಳಗೆ ಸಮಾಧಾನಕರವಾದ ಉತ್ತರ ಬಾರದಿದ್ದರೆ ಸಂಕ್ರಾಂತಿಯ ಮರುದಿನ ನಾನೇ ಪಂಚರನ್ನು ಕೂಡಿಸಿಕೊಂಡು ತೇರಗಾಂವಕ್ಕೆ ಹೋಗಿ, ಮಗಳನ್ನು ಗಾಡಿಯಲ್ಲಿ ಕೂಡಿಸಿಕೊಂಡು ಬರುವೆನು. ಒಂದೇ ಮಣೆಯ ಮೇಲೆ ಕುಳಿತ ಮಾತನ್ನು ಇನ್ನು ಮುಂದೆ ನಾನು ಎತ್ತುವುದಿಲ್ಲ.

ಉ. ಕಾರಕೂನ


ಹಳಿಯಾಳ
ತಾ. ೩-೧-೧೯೩೮

ಉಳವಪ್ಪ,

ಸಿಟ್ಟಿನಿಂದ ನೀನು ನನಗೆ "ಶ್ರೀ" ಹಚ್ಚಿದ್ದೀ. ನಾನು ಶಾಲೆಯ ಹೆಸರಿನಿಂದ ಕರೆಯುತ್ತೇನೆ. ಗಾಡಿ ಕಟ್ಟಿಸುವ ಮೊದಲು ಇದನ್ನು ಪೂರ್ತಿ ಓದು. ಮುಖತಃ ಹೇಳಬೇಕೆಂದುಕೊಂಡಿದ್ದೆ. ಆದರೆ ನಿನ್ನ ಮುಖ ನೋಡಿ ಹೇಳುವ ಎದೆ ನನಗಿಲ್ಲವೆಂದು ಈಗ ತಿಳಿಯಿತು.

ಚೀಲ ನನ್ನ ಅಟ್ಟದ ಮೇಲಿದೆ. ಉಡಿಗೆ ತೆಗೆದ ಐದು ಹಿಡಿಯ ಹೊರತು ಒಂದು ಕಾಳೂ ಕಡಿಮೆಯಾಗಿಲ್ಲ. ಕುಬಸದ ಮೂರನೆಯ ದಿನ ಮುದಕವ್ವ ಅದನ್ನು ಮಗನ ಹೆಗಲ ಮೇಲೆ ಹೊರಿಸಿಕೊಂಡು ಸ್ವತಃ ಬಂದಳು. "ಸಾಹೇಬ್ರ, ಐದು ಹಿಡಿ ಅಕ್ಕಿ ಹುಳ್ಳಿಕಟ್ಟಿನ್ಯಾಗ ಕುದಿಸಿ ಆಕೀಗೆ ಉಣಸೇನಿ, ಪದ್ಧತಿ ಮುರದಿಲ್ಲ. ಉಳದದ್ದು ಇದು. ಒಗದ್ರ ಅನ್ನದ ಪಾಪ, ತಿರುಗಿ ಕಳಸಿದ್ರ ಬೀಗರ ಮಾನಾ ಹೋಗತೈತಿ. ನಿಮ್ಮಲ್ಲಿರಲಿ," ಅಂದಳು. ನನ್ನ ಮನೆಯಾಕೆ ಹಾಜಿರಾಬಿ ಅದನ್ನು ಅಟ್ಟಕ್ಕೇರಿಸಿದಳು. ನಾನು ಮಾರಲಿಲ್ಲ, ಉಣ್ಣಲಿಲ್ಲ, ಹಿಂದಿರುಗಿಸಲೂ ಇಲ್ಲ. ತಿಂಗಳಾಗುತ್ತ ಬಂತು, ಒಂದು ಹುಳ ಸಹ ಹತ್ತಿಲ್ಲ. ಈ ಮಾತನ್ನು ಮುದಕವ್ವನಿಗೆ ಹೊಗಳಿಕೆಯಾಗಿ ಹೇಳಿದರೆ, "ಹುಳಕ್ಕ ಬ್ಯಾಡಾದದ್ದು ನಮಗ್ಯಾಕ?" ಅಂದಳು.

ಈಗ ಕಾರಣ. ಕೂಸು ತೀರಿದ ಮೇಲೆ ಶಿವವ್ವ ತೇರಗಾಂವಕ್ಕೆ ಬಂದಾಗ ಆಕೆಗೆ ಹೊಸ್ತಿಲು ದಾಟಲು ಆಗಲಿಲ್ಲವಂತೆ. ದುಃಖದಿಂದ ಎಂದು ಎಲ್ಲರೂ ತಿಳಿದರು. ಮುದಕವ್ವ ಕಾಲು ತೊಳೆಯಲು ಕೂತು ಮೀನಗಂಡದ ಮೇಲೆ ಹೆಬ್ಬೆರಳು ಒತ್ತಿದಳು. ಆಕೆಯ ಮಾತಿನಲ್ಲಿಯೇ ಬರೆಯುತ್ತೇನೆ: "ತೆಗ್ಗು ಬಿತ್ರಿ ಸಾಹೇಬ್ರ. ನಾ ಹೋಗಿ ಒಲಿ ಹಚ್ಚಿ ಬಂದೆ, ತೆಗ್ಗು ಹಂಗ ಇತ್ತು. ಬಿಸಿ ನೀರ ಹೊಯ್ದ್ರ ಆಕೀಗೆ ಗೊತ್ತ ಆಗ್ಲಿಲ್ಲ."

ಮುದಕವ್ವ ಔಷಧ ಏನೂ ಮಾಡಲಿಲ್ಲ. ದಿನಾಲೂ ದೊಡಗ್ಯಾ ಎಂಬ ಕೆಂಪು ಭತ್ತ ಕುಟ್ಟಿ, ತೌಡು ಕಳೆಯದೆ ಅನ್ನ ಮಾಡಿ, ಹುರುಳಿ, ಹೆಸರುಕಾಳು, ಸೊಪ್ಪು, ತಾವು ಉಣ್ಣುವುದನ್ನೇ ಉಣಿಸಿದಳು. ಮೊದಲ ವಾರ ಹುಡುಗಿ ತಾಟು ಸರಿಸಿ ಅತ್ತಳಂತೆ, "ನಮ್ಮಪ್ಪ ಇದನ್ನ ನೋಡಿದ್ರ ಏನಂದಾನು" ಎಂದು. ನಲವತ್ತು ದಿನದಲ್ಲಿ ಆಕೆ ತಾನೇ ಬಾವಿಗೆ ಹೋಗಿ ಕೊಡ ಹೊತ್ತು ತಂದಳು.

ಇನ್ನೊಂದು ಸಂಗತಿ ಇದೆ. ಅದನ್ನು ಬರೆಯಬಾರದೆಂದೇ ನವೆಂಬರಿನ ಕಾರ್ಡನ್ನು ಅಷ್ಟು ಚಿಕ್ಕದಾಗಿ ಬರೆದೆ. ಬುತ್ತಿ ತಂದ ದಿನ ಮುದಕವ್ವ ನಿನ್ನ ಮನೆಯಲ್ಲಿ ಕೂಸು ಅಳುವುದನ್ನು ನೋಡಿದಳಂತೆ. "ಬಾಯಿ ತಗದಿತ್ತು, ಮುಖಾ ಕೆಂಪಾಗಿತ್ತು, ಕಣ್ಣಾಗ ನೀರಿತ್ತು. ದನಿ ಇರಲಿಲ್ಲ. ನಾ ಕೇಳಬೇಕಂದ್ರ ಬೀಗರು ಕಟ್ಟಿ ಮ್ಯಾಲ ಕುಂತಿದ್ರು, ಮೋತಿ ನೋಡಿ ಅಂಜಿದೆ."

ದಾಂಡೇಲಿಯ ನಾಟಾ ಡಿಪೋದ ಕೂಲಿಗಳಿಗೆ ಅಕ್ಕಿ ಒದಗಿಸುವವನು ನಾನು. ಮಳೆಗಾಲದಲ್ಲಿ ಕೆಡುವುದಿಲ್ಲವೆಂದು ಎರಡು ವರ್ಷದಿಂದ ಗಿರಣಿಯ ಅಕ್ಕಿಯನ್ನೇ ಹಾಕಿಸಿದೆ. ಹೋದ ಮಳೆಯಲ್ಲಿ ಹನ್ನೊಂದು ಜನರ ಕಾಲು ಬಾತವು. ದಿಮ್ಮಿ ಹೊರುವ ಗಂಡಸರು ಬಿದಿರಿನ ಕೋಲು ಹಿಡಿದರು. ಅಲ್ಲಿಗೆ ಬಂದಿದ್ದ ವೈದ್ಯರೊಬ್ಬರು ಇದಕ್ಕೆ ಬೆರಿಬೆರಿ ಎಂದು ಹೆಸರು ಹೇಳಿ, ನನ್ನ ಅಕ್ಕಿಯನ್ನು ಅಂಗೈಯಲ್ಲಿ ತೆಗೆದುಕೊಂಡು ಅಂದರು: "ಗಿರಣಿಯವ ಜೀವಾ ತಗದು ಎತ್ತಿಗೆ ಕೊಟ್ಟಾನ, ಬಣ್ಣಾ ಉಳಿಸಿ ನಿಮಗ ಮಾರ್ಯಾನ." ತಾಯಿ ಇದನ್ನೇ ಉಂಡರೆ ಆಕೆಯ ಹಾಲಿನಲ್ಲಿಯೂ ಆ ಸತ್ವ ಇರುವುದಿಲ್ಲ, ಮೂರನೆಯ ತಿಂಗಳಿಗೆ ಕೂಸಿನ ದನಿ ಹೋಗುತ್ತದೆ ಎಂದೂ ಅವರೇ ಹೇಳಿದರು. ನಾನು ಕೇಳಿರಲಿಲ್ಲ. ಅವರು ಹೇಳಿಬಿಟ್ಟರು.

ಉಳವಪ್ಪ, ಮೂವತ್ತನಾಲ್ಕರ ದೀಪಾವಳಿಗೆ ನಿನ್ನ ಮನೆಗೆ ಮೊದಲ ಚೀಲ ತಂದವನು ನಾನು. "ಮಲ್ಲಿಗೆ ಮೊಗ್ಗು ನೋಡು" ಎಂದು ನಿನ್ನ ಅಂಗೈಗೆ ಸುರಿದವನು ನಾನು. ಈಗ ಹೇಳು, ನಾನು ಯಾವ ಬಾಯಿಂದ ಕಾರಣ ಬರೆಯಬೇಕಾಗಿತ್ತು?

ಪಂಚರನ್ನು ಕೂಡಿಸುವುದಾದರೆ ಕೂಡಿಸು. ಮೊದಲು ನನ್ನನ್ನು ನಿಲ್ಲಿಸು.

ಸುಭಾನಿ


ಹಳಿಯಾಳ
ತಾ. ೧೦-೨-೧೯೩೮
(ಕಾರ್ಡು)

ನಿನ್ನೆ ನಸುಕಿನಲ್ಲಿ ತೇರಗಾಂವದಲ್ಲಿ ಹೆಣ್ಣು ಕೂಸು. ತಾಯಿ ಮಗಳು ಕ್ಷೇಮ. ಸಂಕ್ರಾಂತಿ ಹೋಯಿತು, ನೀನು ಬರಲಿಲ್ಲ, ಕಾಗದವೂ ಬರಲಿಲ್ಲ. ಈಶಪ್ಪ ಹೇಳುತ್ತಾನೆ, ಮುಂಜಾನೆ ಹೊತ್ತು ನಿನ್ನ ಮನೆಯ ಬಾಗಿಲು ಹಾಕಿರುತ್ತದೆ, ಕೂಗಿದರೆ ತೆರೆಯುವುದಿಲ್ಲ, ಒಳಗೆ ಧಡ್ ಧಡ್ ಎಂದು ಏನೋ ಸಪ್ಪಳ ಕೇಳುತ್ತದೆ ಎಂದು. ಗೋಡೆ ಒಡೆಯುತ್ತಿದ್ದೀಯೋ ತಲೆ ಬಡಿದುಕೊಳ್ಳುತ್ತಿದ್ದೀಯೋ? ಒಂದು ಸಾಲು ಬರೆ.

ಸುಭಾನಿ


ಸನವಳ್ಳಿ
ತಾ. ೧-೩-೧೯೩೮

ಸುಭಾನಿ,

ನಿನ್ನ ಜನವರಿಯ ಪತ್ರ ಬಂದ ದಿನ ಅದನ್ನು ಒಲೆಗೆ ಹಾಕಲು ಹೋದೆ. ಒಲೆಯ ಮುಂದೆ ಕೂತಾಗ ಕಾಲು ನೀಡಬೇಕಾಯಿತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮೀನಗಂಡದ ಮೇಲೆ ಹೆಬ್ಬೆರಳು ಒತ್ತಿದೆ. ತೆಗ್ಗು ಬಿತ್ತು. ನಿನ್ನ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ತೆಗ್ಗು ಹಾಗೆಯೇ ಇತ್ತು.

ನಾನು ಅಷ್ಟಕ್ಕೇ ನಂಬುವವನಲ್ಲ. ಒಬ್ಬ ವೈದ್ಯನ ಮಾತು, ಒಬ್ಬ ಹೆಂಗಸಿನ ಹೆಬ್ಬೆರಳು, ಇವು ಸಾಕ್ಷಿಯೇ ಹೊರತು ತೀರ್ಪಲ್ಲ. ಆದರೆ ಮರುದಿನವೇ ದನ ಕಾಯುವವರು ನನ್ನ ಎಡಗಾಲಿನ ಚಪ್ಪಲಿಯನ್ನು ತಂದುಕೊಟ್ಟರು. ಹುಣಸೆಮರದ ಹತ್ತಿರ ಕೆಸರು ಒಣಗಿದ ಮೇಲೆ ಅದು ಮೇಲೆದ್ದಿತ್ತು. ಯಾರೂ ಕದ್ದಿರಲಿಲ್ಲ. ಅದು ಕಾಲಿನಿಂದ ಕಳಚಿ ಬಿದ್ದಿತ್ತು, ನಾನು ಬರಿಗಾಲಿನಲ್ಲಿ ಮುಳ್ಳಿನ ಹಾದಿ ನಡೆದು ಮನೆಗೆ ಬಂದಿದ್ದೆ, ನನಗೆ ತಿಳಿದಿರಲಿಲ್ಲ. ಊರವರನ್ನು ನಾಲ್ಕು ತಿಂಗಳು ಕಳ್ಳರೆಂದು ನೋಡಿದೆ.

ಇನ್ನು ಯಾರಿಗೂ ಹೇಳದ ಸಂಗತಿ. ಕೂಸಿನ ದನಿ ಹೋದದ್ದನ್ನು ಮುದಕವ್ವನವರು ಬರುವುದಕ್ಕಿಂತ ಮುಂಚೆಯೇ ನಾನು ನೋಡಿದ್ದೆ. ಕಟ್ಟೆಯ ಮೇಲೆ ಕೂತವನಿಗೆ ಒಳಗಿನ ತೊಟ್ಟಿಲು ಕಾಣುತ್ತಿತ್ತು. ಅಳುತ್ತಿದೆ ಎಂದು ಕಣ್ಣು ಹೇಳುತ್ತಿತ್ತು, ಕಿವಿ ಇಲ್ಲವೆನ್ನುತ್ತಿತ್ತು. ಶಂಕ್ರವ್ವ, "ಕೂಸು ಸಮಾಧಾನ ಐತಿ, ಸಪ್ಪಳ ಇಲ್ಲ" ಅಂದಳು, ನಾನು ಹೂಂ ಅಂದೆ. ಬಾಣಂತಿಗೆ ಬಿಳಿ ಅನ್ನ, ತುಪ್ಪ, ಮೆಣಸಿನ ಸಾರು ಬಿಟ್ಟು ಬೇರೇನೂ ಕೊಡಕೂಡದೆಂದು ಅಪ್ಪಣೆ ಮಾಡಿದವನೂ ನಾನೇ. ಆಕೆ ಒಮ್ಮೆ ರೊಟ್ಟಿ ಪಲ್ಯ ಕೇಳಿದಳು, ಕೂಲಿಯವರ ಊಟವೆಂದು ಗದರಿಸಿದೆ. ದಿವಸಗಳನ್ನು ದಾಖಲಿಸುತ್ತೇನೆ ಎಂದು ನಿನಗೆ ಬರೆದೆನಲ್ಲ, ಈ ದಿವಸಗಳನ್ನು ಬಿಟ್ಟು ದಾಖಲಿಸಿದೆ.

ಬಾಗಿಲು ಹಾಕಿದ್ದರ ಕಾರಣ ಇಷ್ಟು. ಅಕ್ಕನನ್ನು ಕರೆದು, "ಒನಕಿ ಎಲ್ಲೈತಿ?" ಎಂದು ಕೇಳಿದೆ.

"ಕೊಟ್ಟಿಗಿ ಬಾಗಲಕ್ಕ ಆನಿಕಿ ಕೊಟ್ಟೇನಿ. ಯಾಕ ತಮ್ಮಾ, ಯಾರ ತಲಿ ಒಡೀಬೇಕಾಗೈತಿ?"

"ನಂದ," ಅಂದೆ.

ಒರಳಿನಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. ತೆಗೆದು ತೊಳೆದೆವು. ಅಕ್ಕನಿಗೆ ರಟ್ಟೆಯಲ್ಲಿ ಬಲವಿಲ್ಲ. ಆಳಿನಿಂದ ಕುಟ್ಟಿಸಿದರೆ ಸಂಜೆಯೊಳಗೆ ಊರೆಲ್ಲ ಸುದ್ದಿ. ನಾನೇ ಹಿಡಿದೆ. "ಲೆಕ್ಕಣಿಕಿ ಅಲ್ಲದು, ಎರಡ ಬಟ್ಟಿನ್ಯಾಗ ಹಿಡಿಯಾಕ! ಮುಷ್ಟಿ ಮಾಡಿ ಹಿಡಿ. ಕುಟ್ಟೂದು ಭತ್ತಾ, ನೆಲಾ ಅಲ್ಲ," ಎಂದು ಆಕೆ ಕೂತಲ್ಲಿಂದಲೇ ಬೈಯುತ್ತಾಳೆ. ಅರುವತ್ತೊಂದು ವರ್ಷದಲ್ಲಿ ಇಷ್ಟು ತಪ್ಪುಗಳನ್ನು ಯಾರೂ ನನ್ನ ಕೆಲಸದಲ್ಲಿ ಹಿಡಿದಿರಲಿಲ್ಲ.

ಉಣ್ಣುವುದು ಕುಟ್ಟುವುದಕ್ಕಿಂತ ಕಷ್ಟವಾಯಿತು. ಮೊದಲ ತುತ್ತನ್ನು ಬಾಯಲ್ಲಿಟ್ಟುಕೊಂಡು, ಇದರಲ್ಲಿ ಯಾರೋ ಏನೋ ಬೆರೆಸಿದ್ದಾರೆಂಬಂತೆ ಕೂತೆ. ಬಿಳಿ ಅನ್ನ ತಾನಾಗಿ ಇಳಿಯುತ್ತಿತ್ತು, ಇದು ಅಗಿಯದೆ ಇಳಿಯುವುದಿಲ್ಲ. ಅಗಿದರೆ ಕೊನೆಗೆ ಒಂದು ಸಿಹಿ ಬರುತ್ತದೆ. ಆ ಸಿಹಿ ನನಗೆ ನೆನಪಿತ್ತು. ನಮ್ಮವ್ವ ಉಣಿಸಿದ ಅನ್ನ ಅದೇ ಇತ್ತು. ನಾನು ಮೂರು ವರ್ಷ ಊಟ ಮಾಡಲಿಲ್ಲ, ದರ್ಜೆ ಉಂಡೆ ಎಂದು ಈಗ ಅನ್ನಿಸುತ್ತದೆ. ಯಾರು ನೋಡಿದರು, ಏನೆಂದುಕೊಂಡರು ಎಂಬುದರ ಮೇಲೆ ನನ್ನ ಹಸಿವೆ ನಿಂತಿತ್ತು. ಈಗ ಬಾಗಿಲು ಹಾಕಿಕೊಂಡು ಉಣ್ಣುವಾಗ ಹೊಟ್ಟೆ ತುಂಬಿದ್ದು ಹೊಟ್ಟೆಗೇ ತಿಳಿಯುತ್ತದೆ.

ಐವತ್ತು ದಿನವಾಯಿತು. ಮೊನ್ನೆ ಅಂಗಳದಲ್ಲಿ ಬಲಗಾಲಿಗೆ ಮುಳ್ಳು ಚುಚ್ಚಿತು. ನೋವಾಯಿತು. ಅಕ್ಕನನ್ನು ಕೂಗಿ ಹೇಳಿದೆ. ಮುಳ್ಳು ಚುಚ್ಚಿದ್ದಕ್ಕೆ ಇಷ್ಟು ಹಿಗ್ಗುವ ಮನುಷ್ಯನನ್ನು ನೋಡಿಲ್ಲ ಎಂದಳು.

ಇದರೊಂದಿಗೆ ಐದು ಸೇರು ಅಕ್ಕಿ, ಒಂದು ಅರ್ಜಿ ಇರುತ್ತವೆ. ಅರ್ಜಿ ಮುದಕವ್ವನವರ ಹೆಸರಿಗೆ. ಓದಿ ಹೇಳುವವನು ನೀನು. ಆದರೆ ಈಗ ಓದಬೇಡ. ಕೂಸಿಗೆ ನೂರು ದಿನ ತುಂಬಲಿ. ಆ ಮೊದಲು ಕ್ಷಮೆ ಕೇಳುವ ಹಕ್ಕು ನನಗಿಲ್ಲ. ನನ್ನೊಳಗಿನ ಗುಮಾನಿಯೂ ಪೂರ್ತಿ ಸತ್ತಿಲ್ಲ. ತೊಂಬತ್ತೆರಡನೆಯ ದಿನ ದಾಟುವವರೆಗೆ ನಾನು ಯಾವ ಅಕ್ಕಿಯನ್ನೂ ನಂಬುವುದಿಲ್ಲ, ಕೆಂಪನ್ನೂ ನಂಬುವುದಿಲ್ಲ. ಅಲ್ಲಿಯವರೆಗೆ ನನಗೆ ಕಾಗದ ಬರೆಯಬೇಡ. ಬರೆದರೆ ಲಕೋಟೆ ಒಡೆಯುವ ಧೈರ್ಯ ಸಾಲದು.

ಉಳವಪ್ಪ


(ಮೇಲಿನ ಪತ್ರದೊಳಗೆ ಮಡಚಿಟ್ಟಿದ್ದು)

ತೇರಗಾಂವದ ಚನಬಸಪ್ಪನವರ ಧರ್ಮಪತ್ನಿ, ಬೀಗಿತಿ ಮುದಕವ್ವನವರ ಸಮ್ಮುಖಕ್ಕೆ ಸನವಳ್ಳಿಯ ಉಳವಪ್ಪ ಕಾರಕೂನನ ಬಿನ್ನಹ.

ಅರ್ಜಿದಾರನು ಎರಡು ವರ್ಷಗಳ ಕಾಲ ತಮ್ಮ ಬುತ್ತಿಯ ಮೇಲೆ ಸಂಶಯ ಇಟ್ಟುಕೊಂಡಿದ್ದನು. ಆ ಸಂಶಯವನ್ನು ಯಾವ ಷರತ್ತೂ ಇಲ್ಲದೆ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಕೂಸಿನ ದನಿಯ ವಿಷಯ ಕೇಳಲು ತಾವು ಅರ್ಜಿದಾರನ ಮುಖ ನೋಡಿ ಅಂಜಿದಿರೆಂದು ತಿಳಿದುಬಂತು. ಅಂಜಿಕೆಯಾಗುವಂಥ ಮುಖ ಇಟ್ಟುಕೊಂಡು ಕೂತದ್ದು ಅರ್ಜಿದಾರನ ತಪ್ಪು.

ಮಗಳನ್ನು ಕಳಿಸಬೇಕೆಂದು ಇನ್ನು ಕೇಳುವುದಿಲ್ಲ. ಆಕೆ ಉಣ್ಣುವ ಊರೇ ಆಕೆಯ ತವರು. ಹಿಂದೆ ಕಳಿಸಿದ ಉಡಿಯಕ್ಕಿಯ ಬದಲಿಗೆ ಐದು ಸೇರು ಕೊಟ್ಟಣದ ಅಕ್ಕಿ ಕಳಿಸಿದೆ. ಕುಟ್ಟಿದ ಕೈ ಯಾವುದೆಂದು ದಯವಿಟ್ಟು ವಿಚಾರಿಸಬಾರದು. ಅದರಲ್ಲಿ ಐದು ಹಿಡಿ ಮಗಳ ಉಡಿಗೆ ಹಾಕಿ, ಮೊಮ್ಮಗಳ ಮುಖ ನೋಡಲು ಒಂದು ದಿನ ಗೊತ್ತುಪಡಿಸಬೇಕೆಂದು ಕೈಮುಗಿದು ಬೇಡುವ,

ಉಳವಪ್ಪ ಕಾರಕೂನ


ಹಳಿಯಾಳ
ತಾ. ೨೦-೫-೧೯೩೮

ಉಳವಪ್ಪ,

ಲಕೋಟೆ ಒಡೆದೆಯಾ? ಒಡೆದಿದ್ದರೆ ಉಸಿರು ಬಿಡು. ನಿನ್ನೆಗೆ ನೂರು ದಿನ ತುಂಬಿತು. ತೊಂಬತ್ತೆರಡನೆಯ ದಿನ ನಾನೂ ಅಂಗಡಿ ತೆರೆಯಲಿಲ್ಲ. ಹಾಜಿರಾಬಿಗೆ ಮಾತ್ರ ಗೊತ್ತು.

ನಿನ್ನೆ ಮಧ್ಯಾಹ್ನ ನಿನ್ನ ಅಕ್ಕಿ, ಅರ್ಜಿ ಎರಡನ್ನೂ ತೆಗೆದುಕೊಂಡು ತೇರಗಾಂವಕ್ಕೆ ಹೋದೆ. ಮುದಕವ್ವ ಮೊದಲು ಅಕ್ಕಿಯ ಗಂಟು ಬಿಚ್ಚಿದಳು. ಒಂದು ಹಿಡಿ ತೆಗೆದು, ಊದಿ, ಮೊರದಲ್ಲಿ ಹರವಿ, ಬಹಳ ಹೊತ್ತು ನೋಡಿದಳು.

"ಅರ್ಧಾ ನುಚ್ಚ ಆಗೈತಿ," ಅಂದಳು. "ಕೆಲವಕ್ಕ ಸಿಪ್ಪಿ ಸುದ್ದಾ ಬಿಟ್ಟಿಲ್ಲ. ಇದು ಹೆಂಗಸಿನ ಕೈ ಅಲ್ಲ."

ಶಿವವ್ವ ಒಳಗಿನಿಂದ ಓಡಿ ಬಂದು ಮೊರದೊಳಗೆ ಕೈ ಆಡಿಸಿದಳು. ಒಂದು ಹಿಡಿ ನುಚ್ಚನ್ನು ಹಸಿಯಾಗಿಯೇ ಬಾಯಿಗೆ ಹಾಕಿಕೊಂಡು ಅಗಿಯುತ್ತ, ಅಳುತ್ತ ನಿಂತಳು. "ಇದು ನಮ್ಮಪ್ಪನ ಕೈ, ಅತ್ತಿ," ಅಂದಳು.

ಮುದಕವ್ವ ಅವಳನ್ನು ಕೂಡಿಸಿ ಆ ನುಚ್ಚಕ್ಕಿಯಲ್ಲಿಯೇ ಐದು ಹಿಡಿ ಉಡಿಗೆ ಹಾಕಿದಳು. "ನುಚ್ಚ ಆದ್ರೇನು, ಜೀವಾ ಒಳಗೈತಿ," ಅಂದಳು.

ಆಮೇಲೆ ನಾನು ಕನ್ನಡಕ ಏರಿಸಿಕೊಂಡು ನಿನ್ನ ಅರ್ಜಿ ಓದಲು ತೊಡಗಿದೆ. "ಸಮ್ಮುಖಕ್ಕೆ" ಎಂಬಲ್ಲಿಗೆ ಬರುವಷ್ಟರಲ್ಲಿ ತೊಟ್ಟಿಲಿನಿಂದ ಚೀರುವ ಸಪ್ಪಳ ಎದ್ದಿತು. ನಿಲ್ಲಿಸಿದೆ, ಮತ್ತೆ ಮೊದಲಿನಿಂದ ತೊಡಗಿದೆ. "ಎರಡು ವರ್ಷಗಳ ಕಾಲ" ಎನ್ನುವಾಗ ಮತ್ತೆ ಚೀರಿದಳು. ಪಕ್ಕದ ಮನೆಯವರು ಏನಾಯಿತೆಂದು ಬಾಗಿಲಿಗೆ ಬಂದರು. ಮೂರು ಸಲ ಓದಿದೆ ಉಳವಪ್ಪ, ಮೂರು ಸಲವೂ ಒಂದು ಪೂರ್ತಿ ವಾಕ್ಯ ಯಾರ ಕಿವಿಗೂ ಬೀಳಲಿಲ್ಲ. ಚನಬಸಪ್ಪನವರು ನಗುತ್ತ ಎದ್ದು ಹೊರಗೆ ಹೋದರು.

ಮುದಕವ್ವ ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಅದು ಆಕೆಯ ಕಿವಿಯಲ್ಲಿಯೇ ಚೀರುತ್ತಿತ್ತು. ಆಕೆ ಸುಮ್ಮನಿರಿಸಲು ಪ್ರಯತ್ನಿಸಲಿಲ್ಲ. ಆಕೆ ಹೇಳಿದ್ದನ್ನು ಹೇಳಿದಂತೆ ಬರೆಯುತ್ತೇನೆ:

"ಬೀಗರಿಗೆ ಬರೀರಿ ಸಾಹೇಬ್ರ. ನೀವು ಏನ ಬರದೀರೋ ನನಗ ಒಂದಕ್ಷರಾ ಕೇಳಿಸ್ಲಿಲ್ಲ, ಕೂಸು ಒದರತಿತ್ತು. ತಾವ ಬಂದು ಓದಿ ಹೇಳ್ರಿ ಅಂತ."

ಸುಭಾನಿ